ಅಂಗ್ಕೋರ್ ಗುಡಿಗಳ ಕಲ್ಲಿನ ಮೂಲ ಕಂಡುಹಿಡಿದ ವಿಧಾನ ಇಟಗಿಗೂ ಒದಗೀತೇ?

ಪ್ರಶ್ನೆ: ಕುಕನೂರಿನ ಓದುಗ
ಮಾನ್ಯರೆ, ನಮ್ಮ ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ ಕಲ್ಲು ಸೀಳಲು ಸಾಲಾಗಿ ಕೊರೆದ ಬೆಣೆಗುಳಿಗಳು ಬಂಡೆಗಳ ಮೇಲೆ ಇಂದಿಗೂ ಉಳಿದಿರುವುದರಿಂದ, ಅಲ್ಲಿನ ಗುಡಿಗಳ ಕಲ್ಲು ಎಲ್ಲಿಯದೆಂದು ಯಾರನ್ನೂ ಕೇಳಬೇಕಾಗಿಲ್ಲ. ಕಾಂಬೋಡಿಯದ ಅಂಗ್ಕೋರ್ ವಾಟ್ ಬಯಲಿನಲ್ಲಿ ನಿಂತಿದೆ. ಅದರ ಮರಳುಗಲ್ಲು ಕುಲೆನ್ ಬೆಟ್ಟದ ಬುಡದಿಂದ ಬಂದದ್ದೆಂದು ವಿದ್ವಾಂಸರು ಅಷ್ಟು ಖಚಿತವಾಗಿ ಹೇಳಲು ಆಧಾರವೇನು? ಅದೇ ಬಗೆಯಲ್ಲಿ ನಮ್ಮ ಇಟಗಿಯ ಮಹಾದೇವ ದೇವಾಲಯದ ಕಲ್ಲನ್ನೂ ಪರೀಕ್ಷಿಸಬಹುದೇ?

ಉತ್ತರ: ಭೂವಿಜ್ಞಾನದ ನಿವೃತ್ತ ಅಧ್ಯಾಪಕ, ಬಳ್ಳಾರಿ
ಕೆಲವು ಗುಡಿಗಳ ಕಲ್ಲನ್ನು ಕಣ್ಣೇ ಬೇರ್ಪಡಿಸುತ್ತದೆ. 967ರಲ್ಲಿ ಪ್ರತಿಷ್ಠೆಯಾದ ಬಾಂತೇಯ್ ಸ್ರೇಯ್ ಕೆಂಪು ಮರಳುಗಲ್ಲಿನದು. ತಾ ಕೇವ್ ಗುಡಿಯಲ್ಲಿ ಹಸಿರು ಛಾಯೆಯ ಗಟ್ಟಿ ಕಲ್ಲಿದೆ. ತೊಡಕಿರುವುದು ಉಳಿದ ಬೂದು, ಹಳದಿಗಂದು ಕಲ್ಲಿನಲ್ಲಿ. ಯಾವ ಗುಡಿಯಿಂದ ತೆಗೆದರೂ ಅದರ ಖನಿಜಗಳೂ ರಾಸಾಯನಿಕ ಸಂಯೋಜನೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಹೀಗಾಗಿ ಜಪಾನಿನ ವಾಸೆಡಾ ವಿಶ್ವವಿದ್ಯಾಲಯದ ಎತ್ಸುಒ ಉಚಿದಾ ಮತ್ತು ಸಂಗಡಿಗರು ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿಯನ್ನು, ಅಂದರೆ ಕಾಂತಕ್ಷೇತ್ರಕ್ಕೆ ಕಲ್ಲು ಎಷ್ಟು ಸ್ಪಂದಿಸುತ್ತದೆ ಎಂಬುದನ್ನು, ಕೈಯಲ್ಲಿ ಹಿಡಿಯುವ ಮೀಟರಿನಿಂದ ಗೋಡೆಗೋಡೆಯಲ್ಲೂ ಅಳೆದರು. ಕಲ್ಲಿನಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಪ್ರಮಾಣ ಗಣಿಯಿಂದ ಗಣಿಗೆ ಬದಲಾಗುವುದರಿಂದ ಅಳತೆಯೂ ಬದಲಾಗುತ್ತದೆ. ಕಲ್ಲಿಗೆ ಮಾತ್ರ ಒಂದು ಚೂರೂ ಪೆಟ್ಟಾಗುವುದಿಲ್ಲ. ಯಾವ ಕಾಲದಲ್ಲಿ ಯಾವ ಗಣಿ ನಡೆಯುತ್ತಿತ್ತು, ಒಂದೇ ಗುಡಿಯಲ್ಲಿ ಯಾವ ಭಾಗ ಮೊದಲು ಎದ್ದಿತು ಎಂಬುದೂ ಇದರಿಂದಲೇ ತಿಳಿಯುತ್ತಾ ಹೋಯಿತು. ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಈ ಭಾಗ.

ಅದೇ ತಂಡ ಕುಲೆನ್ ಬೆಟ್ಟದ ಆಗ್ನೇಯ ತಪ್ಪಲಿನಲ್ಲಿ 50ಕ್ಕೂ ಹೆಚ್ಚು ಕಲ್ಲುಗಣಿಗಳನ್ನು ಗುರುತಿಸಿತು. ಕಲ್ಲನ್ನು ತೋನ್ಲೆ ಸಾಪ್ ಸರೋವರದ ಮೂಲಕ ಸುಮಾರು 90 ಕಿ.ಮೀ. ಸುತ್ತಿಸಿ ತಂದಿರಬೇಕೆಂಬ ಹಳೆಯ ಊಹೆಗೆ ಬದಲಾಗಿ, ಉಪಗ್ರಹ ಚಿತ್ರಗಳಲ್ಲಿ ಕಂಡ ಕಾಲುವೆಗಳ ಜಾಡು ಹಿಡಿದು ಸುಮಾರು 35 ಕಿ.ಮೀ.ಗಳ ನೇರ ದಾರಿಯನ್ನು ಮುಂದಿಟ್ಟಿತು.

ಇಟಗಿಯ ವಿಷಯದಲ್ಲಿ ಮೀಟರೊಂದನ್ನೇ ನಾನು ನಂಬಲಾರೆ. ಅಲ್ಲಿರುವುದು ಬಳಪದ ಕಲ್ಲು, ಅದರಲ್ಲಿ ಮ್ಯಾಗ್ನೆಟೈಟ್ ಒಂದೇ ಗಣಿಯೊಳಗೂ ಏರಿಳಿಯಬಹುದು. ಕಲ್ಲಿನ ಚೂರನ್ನು ಬೆಳಕು ಹಾಯುವಷ್ಟು ಸವೆಸಿದ ತೆಳುಪದರವನ್ನು ಸೂಕ್ಷ್ಮದರ್ಶಕದಡಿ ನೋಡಿ, ಅತ್ಯಲ್ಪ ಪ್ರಮಾಣದ ಧಾತುಗಳನ್ನೂ ಅಳೆದು, ಗದಗ ಸೀಮೆಯ ಪದರಶಿಲೆಗಳೊಂದಿಗೆ ಹೋಲಿಸುವುದು ಮೊದಲ ಹೆಜ್ಜೆಯಾಗಬೇಕು. ಅಂದಹಾಗೆ ಇಟಗಿ ದೇವಾಲಯ 1112ರದು, ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೆಯ ಸೂರ್ಯವರ್ಮನ್ ಪಟ್ಟಕ್ಕೆ ಬಂದದ್ದು 1113ರಲ್ಲಿ.

ಉತ್ತರ: ರಾಯಚೂರಿನ ಓದುಗಿ
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಂಗ್ಕೋರಿನಲ್ಲಿ ಕಾಣುವ ಮರಳುಗಲ್ಲಿನ ಹಿಂದೆ, ಅಡಿಪಾಯದಲ್ಲಿಯೂ ಪ್ರಾಕಾರದ ಗೋಡೆಗಳಲ್ಲಿಯೂ ಅಪಾರವಾಗಿ ಜಂಬಿಟ್ಟಿಗೆಯನ್ನು ಬಳಸಿದ್ದಾರೆ. ಅದರ ಮೂಲವನ್ನು ಬೇರೆಯಾಗಿಯೇ ಹುಡುಕಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ವಂದನೆಗಳು. ಗುಡಿಯಿಂದ ಚೂರು ತೆಗೆಯುವುದು ಅನುಮತಿಯಿಲ್ಲದೆ ಆಗದ ಮಾತು. ಆದರೆ ಹಳೆಯ ಗಣಿಗಳನ್ನು ಹುಡುಕಲು ಅಡ್ಡಿಯಿಲ್ಲ. ಸ್ಲೇಟಿನ ಮೇಲೆ ಬರೆಯಲು ಬಳಪದ ಕಲ್ಲನ್ನು ಎಲ್ಲಿಂದ ತರುತ್ತಿದ್ದರೆಂದು ಸುತ್ತಲಿನ ಹಳ್ಳಿಗಳ ಹಿರಿಯರನ್ನು ಕೇಳಿ, ಆ ಜಾಗಗಳ ಚಿತ್ರಗಳನ್ನು ಇಲ್ಲಿಯೇ ಹಾಕುತ್ತೇನೆ.