ಒಡೆದ ಹಾಲಿನ ನೀರು

ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಭಟ್ಟರ ಹೋಟೆಲಿನಲ್ಲಿ ಕೂತಿದ್ದೆವು. ಸೆಟ್ ದೋಸೆಗೆ ಹೇಳಿ ಆಗಿತ್ತು. ಸೀನಿ ಮಾತ್ರ ಏನೂ ಹೇಳಲಿಲ್ಲ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದ. ಒಳಗೆ ಕಂದು ಬಣ್ಣದ ಪುಡಿ, ಜೊತೆಗೊಂದು ತಂತಿಯ ಗುಂಡು. ಜಗ್ಗಿನಿಂದ ನೀರು ಸುರಿದು, ಮುಚ್ಚಳ ಬಿಗಿದು, ಗಲಗಲ ಅಂತ ಅಲ್ಲಾಡಿಸತೊಡಗಿದ. ಪಕ್ಕದ ಮೇಜಿನಲ್ಲಿ ಅಳುತ್ತಿದ್ದ ಮಗು ಬಾಯಿ ಮುಚ್ಚಿ ಇವನನ್ನೇ ನೋಡಿತು.

"ನೋಡು, ಗಿಲಕಿ ಕೆಲಸ ಮಾಡಿತು," ಅಂದ ಪುಟ್ಟಣ್ಣ.

"ಗಿಲಕಿ ಅಲ್ಲ ಕಣೋ, ಶೇಕರ್."

"ಐವತ್ನಾಲ್ಕಕ್ಕೆ ಕೈಗೆ ಗಿಲಕಿ ಬಂತು. ಇನ್ನು ತೊಟ್ಟಿಲು ಒಂದು ಬಾಕಿ."

ಸೀನಿ ಸೊಪ್ಪು ಹಾಕಲಿಲ್ಲ. ಗಟಗಟ ಅರ್ಧ ಕುಡಿದು ಮೀಸೆ ಒರೆಸಿಕೊಂಡ.

"ಏನೋ ಅದು?" ಅಂತ ನಾನು ಕೇಳಿದೆ.

"ವೇ ಪ್ರೋಟೀನ್."

"ವೇ ಅಂದರೆ ದಾರಿ ಅಲ್ವಾ?"

"ಒನ್ ವೇ," ಅಂದ ಪುಟ್ಟಣ್ಣ. "ದುಡ್ಡು ಹೋಗುತ್ತೆ. ವಾಪಸ್ ಬರಲ್ಲ."

ಮೇಷ್ಟ್ರು ಪೇಪರ್ ಮಡಿಸಿದರು. ಅವರು ಪೇಪರ್ ಮಡಿಸಿದರೆ ಪಾಠ ಶುರುವಾಯಿತು ಅಂತಲೇ ಲೆಕ್ಕ. "ಕನ್ನಡದಲ್ಲಿ ಅದಕ್ಕೆ ಹಾಲೊಡಕು ಅಂತ ಹೆಸರಿದೆ. ಹಾಲು ಒಡೆದಾಗ ಗಡ್ಡೆ ಒಂದು ಕಡೆ, ತಿಳಿ ನೀರು ಒಂದು ಕಡೆ ಆಗುತ್ತಲ್ಲ, ಆ ನೀರು. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80 ಭಾಗ ಗಡ್ಡೆ ಕಟ್ಟೋದು, 20 ಭಾಗ ಈ ನೀರಲ್ಲಿ ಉಳಿಯೋದು. ಅದನ್ನು ಸೋಸಿ, ಒಣಗಿಸಿ ಪುಡಿ ಮಾಡ್ತಾರೆ."

ಪುಟ್ಟಣ್ಣ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ತಡೀರಿ ಮೇಷ್ಟ್ರೇ. ಒಡೆದ ಹಾಲಿನ ನೀರಾ?"

"ಹೌದು."

"ನಮ್ಮವಳು ಕಲಗಚ್ಚಿಗೆ ಸುರೀತಾಳಲ್ಲ, ಅದು?"

"ಹೆಚ್ಚುಕಮ್ಮಿ ಅದೇ."

"ಕೆಜಿಗೆ ಎಷ್ಟು ಕೊಟ್ಟೆ ಸೀನಿ?"

"ಮೂರು ಸಾವಿರ. ಆಫರ್ ಇತ್ತು."

"ಅಯ್ಯಯ್ಯೋ! ನಮ್ಮ ಎಮ್ಮೆ ಗೌರಿ ಹನ್ನೆರಡು ವರ್ಷದಿಂದ ಪುಕ್ಕಟೆ ಕುಡೀತಾ ಇದೆಯಲ್ಲೋ. ಅದರ ಹೆಸರಲ್ಲಿ ಬಾಕಿ ಬರೆದಿಟ್ಟಿದ್ದರೆ ನಾನು ಇವತ್ತು ಸರಸ್ವತಿಪುರಂನಲ್ಲಿ ಸೈಟ್ ತಗೋಬಹುದಿತ್ತು."

"ತಮಾಷೆ ಮಾಡಬೇಡ," ಅಂದ ಸೀನಿ. "ಒಂದು ಸ್ಕೂಪಿನಲ್ಲಿ 24 ಗ್ರಾಂ ಇರುತ್ತೆ. ನಿನ್ನ ಕಲಗಚ್ಚಲ್ಲಿ ಎಷ್ಟಿರುತ್ತೆ?"

ಮೇಷ್ಟ್ರು ಸೀನಿಯ ಪರ ನಿಂತರು. ಒಂದು ಲೀಟರ್ ಹಾಲೊಡಕಿನಲ್ಲಿ ಪ್ರೋಟೀನ್ ಇರುವುದು ಹೆಚ್ಚುಕಮ್ಮಿ 8 ಗ್ರಾಂ ಅಷ್ಟೇ. ಮಿಕ್ಕಿದ್ದೆಲ್ಲ ನೀರು, ಒಂದಿಷ್ಟು ಹಾಲಿನ ಸಕ್ಕರೆ. ಒಂದು ಕೆಜಿ ಪುಡಿ ಆಗಬೇಕಾದರೆ ಹತ್ತಿರ ಹತ್ತಿರ ನೂರು ಲೀಟರ್ ಬೇಕು. "ಚೀಸ್ ಮಾಡೋ ದೇಶಗಳಲ್ಲಿ ಇದು ದೊಡ್ಡ ತಲೆನೋವಾಗಿತ್ತು. ಹತ್ತು ಲೀಟರ್ ಹಾಲಿಗೆ ಒಂದು ಕೆಜಿ ಚೀಸ್ ಬಂದರೆ ಒಂಬತ್ತು ಲೀಟರ್ ಈ ನೀರೇ. ಹಂದಿಗೆ ಕುಡಿಸಿದರು. ಗದ್ದೆಗೆ ಬಿಟ್ಟರು. ಮಿಕ್ಕಿದ್ದನ್ನು ಹೊಳೆಗೆ ಬಿಟ್ಟರು. ಹೊಳೆಗೆ ಹೋದರೆ ನೀರಲ್ಲಿರೋ ಆಮ್ಲಜನಕ ಎಲ್ಲ ತಿಂದುಹಾಕುತ್ತೆ, ಮೀನು ಸಾಯುತ್ತೆ. ಹಾಗೆ ಬಿಡಬಾರದು ಅಂತ ಕಾನೂನು ಬಂತು. ಆಮೇಲೆ ಸೋಸೋ ಯಂತ್ರ ಬಂತು. ಆಮೇಲೆ ಡಬ್ಬ ಬಂತು."

"ಆಮೇಲೆ ಸೀನಿ ಬಂದ," ಅಂದ ಪುಟ್ಟಣ್ಣ. "ಹೊಳೆಗೆ ಬಿಟ್ಟರೆ ಪೊಲೀಸ್ ಬರ್ತಾನೆ, ಡಬ್ಬಕ್ಕೆ ಬಿಟ್ಟರೆ ಗಿರಾಕಿ ಬರ್ತಾನೆ. ಮೀನು ಬದುಕಿತು ಬಿಡು. ಪುಣ್ಯದ ಕೆಲಸ."

ದೋಸೆ ಬಂತು. ಜೊತೆಗೆ ಭಟ್ಟರೂ ಬಂದರು, ಹೆಗಲ ಮೇಲೆ ಟವೆಲ್ ಹಾಕಿಕೊಂಡು. ಪ್ರೋಟೀನ್ ಅನ್ನೋ ಮಾತು ಅಡುಗೆಮನೆವರೆಗೂ ಕೇಳಿಸಿತ್ತಂತೆ.

"ನನ್ನ ಗೋಳು ಕೇಳಿ ಸ್ವಾಮಿ. ಮೊದಲು ಗಿರಾಕಿ ಬಂದರೆ ಬಿಸಿ ಏನಿದೆ ಅಂತ ಕೇಳೋರು. ಈಗ ಕಾಲೇಜು ಹುಡುಗರು ಬಂದು ದೋಸೆಯಲ್ಲಿ ಎಷ್ಟು ಗ್ರಾಂ ಪ್ರೋಟೀನ್ ಅಂತಾರೆ. ನನಗೇನು ಗೊತ್ತು? ಉದ್ದಿನಬೇಳೆ ಇದೆ, ತಿನ್ನಿ ಅಂದೆ. ಚಟ್ನಿ ಹುರಿಗಡಲೆದು ಅಂತ ಗೊತ್ತಾದ ಮೇಲೆ ನಾಲ್ಕು ನಾಲ್ಕು ಸಲ ಹಾಕಿಸ್ಕೋತಾರೆ. ಪ್ರೋಟೀನ್ ಅವರಿಗೆ, ನಷ್ಟ ನನಗೆ."

"ಹಿಂದೆಲ್ಲ ಹೊಸಬರು ಸಿಕ್ಕರೆ ಯಾವ ಗ್ರಾಮ ಅಂತ ಕೇಳೋರು," ಅಂದ ಪುಟ್ಟಣ್ಣ. "ಈಗ ಎಷ್ಟು ಗ್ರಾಂ ಅಂತ ಕೇಳ್ತಾರೆ."

ಪುಟ್ಟಣ್ಣನ ಸಿಟ್ಟು ನನಗೆ ಅರ್ಥವಾಗುತ್ತದೆ. ಈಗ ಬಿಸ್ಕತ್ತಿನ ಪೊಟ್ಟಣದ ಮೇಲೆ ಪ್ರೋಟೀನ್, ಬ್ರೆಡ್ಡಿನ ಮೇಲೆ ಪ್ರೋಟೀನ್, ಲಸ್ಸಿ, ಮೊಸರು ಎಲ್ಲದರ ಮೇಲೂ ಪ್ರೋಟೀನ್. ಮೊಸರಿನಲ್ಲಿ ಮೊದಲಿಂದಲೂ ಇತ್ತಲ್ಲ ಅಂತ ಯಾರಾದರೂ ಕೇಳಿದರೆ ಅವರು ಹಳೇ ಕಾಲದವರು. ನಮ್ಮ ನಂದಿನಿಯವರೂ 2024ರ ಡಿಸೆಂಬರಿನಲ್ಲಿ ವೇ ಪ್ರೋಟೀನ್ ಸೇರಿಸಿದ ಇಡ್ಲಿ-ದೋಸೆ ಹಿಟ್ಟನ್ನು ಬೆಂಗಳೂರಿನಲ್ಲಿ ಮಾರಾಟಕ್ಕೆ ಬಿಟ್ಟರು. ಆ ಸುದ್ದಿ ಓದಿದ ದಿನ ಭಟ್ಟರು ಮಧ್ಯಾಹ್ನದ ತನಕ ಯಾರ ಹತ್ತಿರವೂ ಮಾತಾಡಿರಲಿಲ್ಲ.

"ಮೇಷ್ಟ್ರೇ, ಒಂದು ಲೆಕ್ಕ ಹೇಳಿ," ಅಂದ ಸೀನಿ. ಈಗ ಅವನಿಗೂ ಬಿಸಿ ಏರಿತ್ತು. "ನಾನು 70 ಕೆಜಿ. ನನಗೆ ದಿನಕ್ಕೆ ಎಷ್ಟು ಬೇಕು?"

ಮೇಷ್ಟ್ರು ಪೇಪರಿನ ಅಂಚಿನಲ್ಲೇ ಗುಣಿಸಿದರು. "ಕೆಜಿ ತೂಕಕ್ಕೆ 0.83 ಗ್ರಾಂ ಅಂತ ನಮ್ಮ ದೇಶದ ಲೆಕ್ಕ. ನಿನಗೆ 58 ಗ್ರಾಂ. ನೂರು ಗ್ರಾಂ ಹುರಿಗಡಲೆಯಲ್ಲಿ 20ರ ಮೇಲಿದೆ. ಕಡಲೆಕಾಯಿ ಬೀಜದಲ್ಲಿ 25ರ ಹತ್ತಿರ. ಹುರುಳಿಯಲ್ಲಿ 22. ಒಂದು ಮೊಟ್ಟೆಯಲ್ಲಿ 6. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣೆ ಸಂಸ್ಥೆ ಇದೆಯಲ್ಲ, ಅವರು 2024ರ ಮೇ ತಿಂಗಳಲ್ಲಿ ಊಟದ ಬಗ್ಗೆ ಸಲಹೆಗಳ ಪುಸ್ತಕ ಬಿಟ್ಟರು. ಮೈ ಬೆಳೆಸೋಕೆ ಪ್ರೋಟೀನ್ ಪುಡಿ ಬೇಡ ಅಂತ ಅದರಲ್ಲಿ ಬರೆದಿದ್ದಾರೆ."

"ಹುರುಳಿ ತಿಂದವನ ಮಾತಲ್ಲೇ ಹುರುಳಿರುತ್ತೆ," ಅಂದ ಪುಟ್ಟಣ್ಣ. "ಇವನ ಮಾತಲ್ಲಿ ಬರೀ ನೊರೆ."

"ತಾಳು. ಬೇಳೆ ಪ್ರೋಟೀನ್ ಪೂರ್ತಿ ಅಲ್ಲ ಅಂತ ಜಿಮ್ಮಿನಲ್ಲಿ ಹೇಳ್ತಾರೆ."

"ಅದೂ ಸರಿ," ಅಂದರು ಮೇಷ್ಟ್ರು. "ಪ್ರೋಟೀನ್ ಅನ್ನೋದು ಅಮೈನೋ ಆಮ್ಲ ಅನ್ನೋ ಚೂರುಗಳಿಂದ ಆಗಿರುತ್ತೆ. ಬೇಳೆಯಲ್ಲಿ ಮೆಥಿಯೋನಿನ್ ಅನ್ನೋ ಚೂರು ಕಮ್ಮಿ. ಅಕ್ಕಿಯಲ್ಲಿ ಲೈಸಿನ್ ಕಮ್ಮಿ. ಎರಡನ್ನೂ ಸೇರಿಸಿ ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ."

"ಅದಕ್ಕೇ ಬಿಸಿಬೇಳೆಬಾತ್ ಅಂತ ಮಾಡಿದ್ದು. ನಮ್ಮಜ್ಜಿಗೆ ಲೈಸಿನ್ ಅಂದರೆ ಲೈಸೆನ್ಸ್ ಅಂತ ಕೇಳಿಸ್ತಿತ್ತು, ಆದರೂ ಬಾತ್ ಸರಿಯಾಗೇ ಆಗ್ತಿತ್ತು."

"ಆದರೆ ಪುಟ್ಟಣ್ಣ," ಮೇಷ್ಟ್ರು ದನಿ ತಗ್ಗಿಸಿದರು, ಭಟ್ಟರು ಒಳಗೆ ಹೋಗಿದ್ದಾರಾ ಅಂತ ನೋಡಿಕೊಂಡು. "ನಾವು ಬೇಳೆ ತಿನ್ನೋದಾದರೂ ಎಷ್ಟು? ಈ ಸಾಂಬಾರಲ್ಲಿ ಬೇಳೆ ಹುಡುಕೋಕೆ ಕನ್ನಂಬಾಡಿಯಿಂದ ಈಜುಗಾರರನ್ನ ಕರೆಸಬೇಕು. ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು. ನಮ್ಮ ಊಟದಲ್ಲಿ ಪ್ರೋಟೀನ್ ಸಾಲಲ್ಲ ಅನ್ನೋದು ಸುಳ್ಳೇನೂ ಅಲ್ಲ."

ಪುಟ್ಟಣ್ಣ ಒಂದು ಗಳಿಗೆ ಸುಮ್ಮನಾದ. ಸೀನಿಗೆ ಗೆದ್ದಷ್ಟು ಖುಷಿ. ಬಾಟಲಿ ಎತ್ತಿ ಇನ್ನೊಮ್ಮೆ ಗಲಗಲ ಅನ್ನಿಸಿದ. ಆ ಶಬ್ದ ಆಗಬಾರದಿತ್ತು.

"ಹುರಿಹಿಟ್ಟು ಗೊತ್ತೇನೋ ನಿನಗೆ?" ಪುಟ್ಟಣ್ಣ ಮತ್ತೆ ಶುರು ಮಾಡಿದ. "ರಾಗಿ ನೆನೆಸಿ, ಆರಿಸಿ, ಮರಳಲ್ಲಿ ಹುರಿದರೆ ಮಲ್ಲಿಗೆ ಥರ ಅರಳ್ತಿತ್ತು. ಹುರಿಗಡಲೆ ಸೇರಿಸಿ ಬೀಸೋದು. ಹಾಲೋ ಮಜ್ಜಿಗೆಯೋ ಹಾಕಿ, ಬೆಲ್ಲ ಪುಡಿ ಮಾಡಿ ಕಲಸೋದು. ಶೇಕರ್ ಅಂದರೆ ಅಜ್ಜಿಯ ತೋರುಬೆರಳು. ಸ್ಕೂಪ್ ಅಂದರೆ ಅಜ್ಜಿಯ ಮುಷ್ಟಿ. ಆ ಮುಷ್ಟಿಗೆ ಅಳತೆ ಇರಲಿಲ್ಲ. ಪಾಸಾದ ದಿನ ದೊಡ್ಡದು. ಜ್ವರ ಬಂದು ಎದ್ದ ದಿನ ಇನ್ನೂ ದೊಡ್ಡದು."

"ಫೇಲಾದ ದಿನ?"

"ಅದೇ ಮುಷ್ಟಿ. ಬೆನ್ನಿಗೆ."

ಆಮೇಲೆ ಅವನ ಸೋದರಮಾವ ಬಂದ, ಯಾವಾಗಲೂ ಬರುವ ಹಾಗೆ. ಮಾವ ಗರಡಿಯ ಆಳು. ಬೆಳಗಿನ ಜಾವ ಮಟ್ಟಿ ಅಗೆದು, ಸಾಮು ತೆಗೆದು, ನೆನೆಸಿದ ಕಡಲೆ, ಬಾದಾಮಿ, ಒಂದು ಚೊಂಬು ಎಮ್ಮೆ ಹಾಲು ಹೊಡೆಯುತ್ತಿದ್ದನಂತೆ. ದಸರಾ ಕುಸ್ತಿಗೆ ದೊಡ್ಡಕೆರೆ ಮೈದಾನದಲ್ಲಿ ಇಳಿದರೆ ಜನ ಶಿಳ್ಳೆ ಹಾಕೋರಂತೆ. ಹಿಂದಿನ ಸಲ ಹೇಳಿದಾಗ ಒಂದು ಚೊಂಬು ಇದ್ದದ್ದು ಅರ್ಧ ಚೊಂಬು ಅಂತ ನನಗೆ ನೆನಪು. ಇರಲಿ. ಹೋದವರ ಹಾಲಿಗೆ ನೀರು ಬೆರೆಸಬಾರದು.

"ಅವನಿಗೆ ಬೈಸೆಪ್ಸ್ ಇರಲಿಲ್ಲ ಕಣೋ," ಅಂದ ಪುಟ್ಟಣ್ಣ. "ತೋಳು ಇತ್ತು."

"ನಿನ್ನ ಮಾವನ ಮನೆಯಲ್ಲಿ ನಾಲ್ಕು ಎಮ್ಮೆ ಇತ್ತು," ಅಂದ ಸೀನಿ. "ನನ್ನದು ಮೂರನೇ ಮಹಡಿ ಫ್ಲ್ಯಾಟು. ಎಮ್ಮೆ ಎಲ್ಲಿ ಕಟ್ಟಲಿ?"

"ಆ ಡಬ್ಬ ಇಟ್ಟಿದೀಯಲ್ಲ, ಅಲ್ಲೇ ಕಟ್ಟು. ಅಷ್ಟು ಜಾಗ ಸಾಕು ಅದಕ್ಕೆ."

ಡಬ್ಬ ನಾನು ನೋಡಿದ್ದೇನೆ. ಫ್ರಿಜ್ಜಿನ ಮೇಲೆ ಸಣ್ಣ ನೀರಿನ ಟ್ಯಾಂಕಿನ ಹಾಗೆ ಕೂತಿದೆ. ಮುಚ್ಚಳ ತೆಗೆದರೆ ಪುಡಿ ಮುಕ್ಕಾಲು ಭಾಗಕ್ಕೂ ಬಂದಿಲ್ಲ, ಸ್ಕೂಪ್ ಮಾತ್ರ ಎಲ್ಲೋ ತಳದಲ್ಲಿ ಹೂತಿರುತ್ತದೆ. ಮೊಣಕೈವರೆಗೂ ಕೈ ಇಳಿಸಿ ಹುಡುಕಬೇಕು. ವ್ಯಾಯಾಮ ಅಲ್ಲಿಂದಲೇ ಶುರು. ಸೀನಿಯ ಹೆಂಡತಿ ಡಬ್ಬ ಯಾವಾಗ ಖಾಲಿಯಾಗುತ್ತೋ ಅಂತ ಕಾಯುತ್ತಿದ್ದಾರೆ. ರಾಗಿಹಿಟ್ಟು ಹಾಕಿಡೋಕೆ ಅಂಥ ಡಬ್ಬ ಸಿಗಲ್ಲವಂತೆ.

"ಇನ್ನೊಂದು ವಿಷಯ," ಪುಟ್ಟಣ್ಣ ಬಿಡಲಿಲ್ಲ. "ಈ ಪುಡಿ ಶುರು ಮಾಡಿದ ಮೇಲೆ ಕೆರೆ ಏರಿ ಮೇಲೆ ಇವನ ಹಿಂದೆ ನಡೆಯೋ ಹಾಗಿಲ್ಲ. ಮೊದಲು ನಾಲ್ಕೂ ಜನ ಒಟ್ಟಿಗೆ ಹೋಗ್ತಿದ್ದೆವು. ಈಗ ಇವನು ಹಿಂದೆ, ನಾವು ಮುಂದೆ. ನಾವೂ ಜೋರಾಗಿ. ಲಾಭ ಆಗಿರೋದು ನಮಗೇ."

"ಹಾಲಿನ ಸಕ್ಕರೆ ಅರಗದಿದ್ದರೆ ಹಾಗಾಗುತ್ತೆ," ಅಂದರು ಮೇಷ್ಟ್ರು ತುಂಬ ಗಂಭೀರವಾಗಿ. "ಜಾಸ್ತಿ ಸೋಸಿದ್ದು ಸಿಗುತ್ತೆ. ಅದರಲ್ಲಿ ಸಕ್ಕರೆ ಕಮ್ಮಿ, ಬೆಲೆ ಜಾಸ್ತಿ."

ನಕ್ಕು ನಕ್ಕು ನನಗೆ ಕೆಮ್ಮು ಬಂತು. ಸೀನಿಯೂ ನಕ್ಕ. ನಗು ನಿಂತ ಮೇಲೆ ನಾನೇ ಕೇಳಿದೆ. "ಹೋಗಲಿ, ಯಾಕೋ ಬೇಕು ನಿನಗೆ ಇದೆಲ್ಲ? ಮಿಸ್ಟರ್ ಮೈಸೂರು ಆಗಬೇಕಾ?"

ಸೀನಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತ. ತೆಗೆದ, ಮುಚ್ಚಿದ.

"ಯುಗಾದಿಗೆ ಮುಂಚೆ ಅಪ್ಪ ಬಚ್ಚಲುಮನೆಯಲ್ಲಿ ಬಿದ್ದರು. ಏಟೇನೂ ಆಗಲಿಲ್ಲ. ಎತ್ತೋಕೆ ಹೋದೆ, ಆಗಲಿಲ್ಲ. ಒದ್ದೆ ನೆಲ, ಒದ್ದೆ ಮೈ. ಎರಡು ಸಲ ಎತ್ತಿ ಎರಡು ಸಲವೂ ಕೂರಿಸಿಬಿಟ್ಟೆ. ಕೆಳಗಿನ ಮನೆಯ ಹುಡುಗನ್ನ ಕರೆದೆ. ಇಂಜಿನಿಯರಿಂಗ್ ಓದ್ತಾನೆ, ನೋಡಿದ್ದೀರಲ್ಲ. ಬಂದು ಒಂದೇ ಸಲಕ್ಕೆ ಎತ್ತಿದ. ಮಂಚದ ಮೇಲೆ ಮಲಗಿಸಿ, ಬೆಡ್‌ಶೀಟ್ ಹೊದಿಸಿ ಹೋದ. ಅಪ್ಪ ಅವನಿಗೆ ಥ್ಯಾಂಕ್ಸ್ ಹೇಳಿದರು. ನನ್ನ ಕಡೆ ನೋಡಲೇ ಇಲ್ಲ. ಮಾರನೇ ದಿನ ಆ ಹುಡುಗನ ಹತ್ತಿರ ಹೋಗಿ ಯಾವ ಜಿಮ್ಮಪ್ಪ ನಿಂದು ಅಂತ ಕೇಳಿದೆ. ಡಬ್ಬದ ಹೆಸರು ಅವನೇ ಬರೆದುಕೊಟ್ಟಿದ್ದು."

ಒಳಗೆ ದೋಸೆ ಹಂಚಿಗೆ ನೀರು ಚಿಮುಕಿಸಿದ ಚುಂಯ್ ಶಬ್ದ ಕೇಳಿಸಿತು.

"ವಯಸ್ಸಾದ ಹಾಗೆ ಸ್ನಾಯು ಕರಗುತ್ತೆ," ಅಂದರು ಮೇಷ್ಟ್ರು, ಏನಾದರೂ ಹೇಳಬೇಕಲ್ಲ ಅಂತ. "ಪುಡಿಗಿಂತ ಭಾರ ಎತ್ತೋದು ಮುಖ್ಯ. ಜಿಮ್ ಬಿಡಬೇಡ."

"ಅಪ್ಪನಿಗೂ ಪುಡಿ ಬರೆದುಕೊಟ್ಟಿದ್ದಾರೆ ಡಾಕ್ಟರು. ಹಲ್ಲಿಲ್ಲ, ಊಟ ಸೇರಲ್ಲ. ಅವರದು ಬೇರೆ ಡಬ್ಬ, ವೆನಿಲಾ. ಮೊದಲ ದಿನ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, 'ಹಾಲು ಒಡೆದಿದೆ ಕಣೋ' ಅಂದರು."

ನಾನು ಪುಟ್ಟಣ್ಣನ ಮುಖ ನೋಡಿದೆ. ಬೆಳಗಿನಿಂದ ಅವನು ಇದೊಂದೇ ಮಾತನ್ನು ಎಳೆದು ಎಳೆದು ಆಡುತ್ತಿದ್ದ. ಈಗ ಅವನ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಈಗ ಕುಡೀತಾರಾ?" ಅಂದ.

"ಕುಡೀತಾರೆ. ದಿನಾ ಅದನ್ನೇ ಹೇಳ್ತಾರೆ. ಇವತ್ತೂ ಒಡೆದಿದೆ ಅಂತಾರೆ. ಹೇಳಿ ಕುಡೀತಾರೆ."

"ಎತ್ತೋಕೆ ಆಗುತ್ತಾ ನಿನಗೆ ಈಗ?"

"ಆಗುತ್ತೆ. ಮೊನ್ನೆ ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಿದೆ. ಒಬ್ಬನೇ."

"ಭಲೇ!" ಅಂದರು ಮೇಷ್ಟ್ರು. "ಹಾಗಾದರೆ ಪುಡಿ ಕೆಲಸ ಮಾಡಿದೆ."

"ಪುಡಿ ಅಲ್ಲ ಮೇಷ್ಟ್ರೇ. ಅಪ್ಪ 42 ಕೆಜಿ ಆಗಿದ್ದಾರೆ."

ಯಾರೂ ಮಾತಾಡಲಿಲ್ಲ. ಪಕ್ಕದ ಮೇಜಿನ ಮಗು ಅಪ್ಪನ ಹೆಗಲೇರಿ ಹೊರಟಿತ್ತು. ಹೋಗುತ್ತಾ ಸೀನಿಯ ಬಾಟಲಿಯ ಕಡೆ ಕೈ ಚಾಚಿತು. ಸೀನಿ ಒಂದು ಸಲ ಗಲಗಲ ಅನ್ನಿಸಿದ.

ಪುಟ್ಟಣ್ಣನ ತಟ್ಟೆಯಲ್ಲಿ ಇನ್ನೊಂದು ದೋಸೆ ಉಳಿದಿತ್ತು. ತಟ್ಟೆಯನ್ನು ಹಾಗೇ ಸೀನಿಯ ಮುಂದೆ ತಳ್ಳಿದ. ಚಟ್ನಿ ಬಟ್ಟಲನ್ನೂ ತಳ್ಳಿದ.

"ಹುರಿಗಡಲೆ," ಅಂದ. "ಇವತ್ತು ಗಟ್ಟಿ ಇದೆ."