ಡಾಮಿನೋ ಡಬ್ಬಿ ತಂದಾಯ್ತು, ಆಡೋದು ಹೆಂಗೆ?

ಕೇಳಿದವರು: ನಿಟುವಳ್ಳಿ, ದಾವಣಗೆರೆ

ರಜೆಯಲ್ಲಿ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸೋಣ ಅಂತ ಡಾಮಿನೋ ತಂದ್ವಿ. ಒಳಗೆ 28 ಬಿಲ್ಲೆ ಇದಾವೆ, ನಿಯಮದ ಚೀಟಿ ಇಲ್ಲ. ಆಡೋರು ನಾಲ್ಕು ಜನ: 8 ವರ್ಷದ ಮಗ, 11 ವರ್ಷದ ಮಗಳು, ನಾನು, ನಮ್ಮತ್ತೆ. ಎಷ್ಟೆಷ್ಟು ಹಂಚಬೇಕು? ಹಾಕೋಕೆ ಬಿಲ್ಲೆ ಇಲ್ಲದಿದ್ರೆ ಏನು ಮಾಡೋದು? ಎಲ್ಲರೂ ಸಿಕ್ಕಿಕೊಂಡ್ರೆ ಗೆದ್ದೋರು ಯಾರು? ಗೊತ್ತಿರೋರು ತಿಳಿಸಿ.

ವಿದ್ಯಾನಗರದಿಂದ

28 ಇದ್ದರೆ ಅದು ಆರರ ಸೆಟ್. ಖಾಲಿಯಿಂದ 6ರವರೆಗೆ ಏಳು ಸಂಖ್ಯೆ. ಎರಡೂ ಕಡೆ ಒಂದೇ ಸಂಖ್ಯೆ ಇರೋ ಜೋಡಿ ಬಿಲ್ಲೆ 7, ಉಳಿದವು 21. ಯಾವ ಸಂಖ್ಯೆ ತಗೊಂಡ್ರೂ ಅದು ಏಳೇ ಬಿಲ್ಲೆ ಮೇಲೆ ಇರುತ್ತೆ. ಇದೊಂದನ್ನ ನೆನಪಿಟ್ಟುಕೊಳ್ರಿ, ಮುಂದೆ ಬುದ್ಧಿ ಓಡಿಸೋದೆಲ್ಲ ಇದರ ಮೇಲೆ.

ಎಲ್ಲವನ್ನೂ ಬೋರಲು ಹಾಕಿ ಅಂಗೈಯಿಂದ ಕಲಸಿ. ಇಬ್ಬರೇ ಆದರೆ ತಲಾ 7, ಮೂರು ಅಥವಾ ನಾಲ್ಕು ಜನ ಆದರೆ ತಲಾ 5. ನಿಮ್ಮ ಮನೇಲಿ ನಾಲ್ಕು ಜನಕ್ಕೆ 20 ಹೋಗಿ 8 ಉಳೀತಾವೆ. ಅವನ್ನ ಬೋರಲಾಗೇ ಪಕ್ಕಕ್ಕೆ ಇಡಿ, ಅದು ಗುಡ್ಡೆ. ರಮ್ಮಿ ಆಡೋರಿಗೆ ಇದನ್ನ ವಿವರಿಸೋದೇ ಬೇಡ.

ಅತಿ ದೊಡ್ಡ ಜೋಡಿ ಇದ್ದವರು ಶುರು ಮಾಡ್ತಾರೆ. 6-6 ಯಾರ ಹತ್ರಾನೂ ಇಲ್ಲ ಅಂದ್ರೆ 5-5, ಹಿಂಗೇ ಇಳೀತಾ ಬನ್ನಿ. ಒಂದು ಜೋಡಿಯೂ ಇಲ್ಲ ಅಂದ್ರೆ ಮತ್ತೆ ಕಲಸಿ ಹಂಚಿ. ಶುರುವಾದ ಮೇಲೆ ಸರದಿ ಎಡಗಡೆಯವರಿಗೆ.

ಈಗ 6-6 ಬಿತ್ತು ಅಂದ್ಕೊಳ್ರಿ. ಮುಂದಿನವರು 6-2 ಹಾಕ್ತಾರೆ, 6ಕ್ಕೆ 6 ತಾಗಿಸಿ. ಈಗ ತುದಿಗಳು 6 ಮತ್ತು 2. ಮೂರನೆಯವರು 2-4 ಹಾಕಿದ್ರೆ ತುದಿ 6 ಮತ್ತು 4. ನಾಲ್ಕನೆಯವರ ಹತ್ರ 4-4 ಇದ್ರೆ ಅದನ್ನ ಅಡ್ಡಡ್ಡ ಇಡ್ತಾರೆ, ತುದಿ ಬದಲಾಗಲ್ಲ. ಅಡ್ಡ ಇಡೋದು ಕಣ್ಣಿಗೆ ಕಾಣ್ಲಿ ಅಂತ ಅಷ್ಟೆ. ಮಕ್ಕಳು ತಪ್ಪೋದು ಇಲ್ಲೇ: ಅಡ್ಡ ಇಟ್ಟ ಜೋಡಿಗೆ ನಾಲ್ಕೂ ಕಡೆಯಿಂದ ಅಂಟಿಸೋಕೆ ಹೋಗ್ತಾರೆ. ಅಂಥ ಆಟಗಳೂ ಇದಾವೆ, ಆದ್ರೆ ಈ ಆಟದಲ್ಲಿ ಯಾವಾಗಲೂ ತುದಿ ಎರಡೇ.

ಹಾಕೋಕೆ ಇಲ್ಲದಿದ್ರೆ ಗುಡ್ಡೆಯಿಂದ ಎತ್ತಬೇಕು. ಕೂಡೋ ಬಿಲ್ಲೆ ಸಿಗೋವರೆಗೂ ಎತ್ತೋದು ಒಂದು ಪದ್ಧತಿ, ಒಂದೇ ಎತ್ತಿ ಅದೂ ಕೂಡದಿದ್ರೆ ಪಾಸ್ ಅನ್ನೋದು ಇನ್ನೊಂದು. 8 ವರ್ಷದ ಮಗು ಇರೋದ್ರಿಂದ ಎರಡನೇದು ಇಟ್ಕೊಳ್ರಿ. ಮೊದಲನೇ ಪದ್ಧತೀಲಿ ಒಬ್ಬರ ಕೈಗೇ ಒಂಬತ್ತು ಹತ್ತು ಬಿಲ್ಲೆ ಬಂದು, ಸಣ್ಣ ಕೈಯಲ್ಲಿ ಹಿಡಿಯೋಕೂ ಆಗದೆ ಎಲ್ಲರಿಗೂ ಕಾಣ್ತಾವೆ. ಇಬ್ಬರೇ ಆಡುವಾಗ ಗುಡ್ಡೆಯ ಕೊನೆಯ ಎರಡನ್ನ ಮುಟ್ಟಬಾರದು. ಮುಟ್ಟಿದ್ರೆ ಎದುರಿನವರ ಕೈಯಲ್ಲಿ ಏನೇನಿದೆ ಅಂತ ಲೆಕ್ಕ ಹಾಕಿ ಪೂರ್ತಿ ಹೇಳಬಹುದು, ಆಟದ ಸ್ವಾರಸ್ಯ ಹೋಯ್ತು.

ಕೈಯಲ್ಲಿ ಕೂಡೋದು ಇಟ್ಕೊಂಡು ಪಾಸ್ ಅನ್ನೋ ಹಾಗಿಲ್ಲ.

ಮೊದಲು ಕೈ ಖಾಲಿ ಮಾಡಿದವರಿಗೆ ಉಳಿದವರ ಕೈಯಲ್ಲಿರೋ ಚುಕ್ಕಿಗಳಷ್ಟು ಅಂಕ. ಗುಡ್ಡೆ ಮುಗಿದು ಎಲ್ಲರೂ ಪಾಸ್ ಅಂದ್ರೆ ಆಟ ಕಟ್ಟಿತು. ಆಗ ಬಿಲ್ಲೆ ತೆರೆದು ಎಣಿಸಿ, ಚುಕ್ಕಿ ಕಡಿಮೆ ಇದ್ದವರು ಗೆದ್ದರು. ನಿಮ್ಮಲ್ಲಿ 4, ಉಳಿದವರಲ್ಲಿ 9, 13, 7 ಇದ್ರೆ ಅವರದು 29, ನಿಮ್ಮ 4 ಕಳೆದು 25 ಅಂಕ ನಿಮಗೆ. 100ಕ್ಕೆ ಮೊದಲು ಮುಟ್ಟಿದವರು ಗೆದ್ದಂಗೆ. ಮಕ್ಕಳಿಗೆ 50 ಸಾಕು.

ಚಳ್ಳಕೆರೆಯಿಂದ

ಜಮಖಾನದ ಮೇಲೆ ಆಡಬೇಡ್ರಿ, ಬಿಲ್ಲೆ ನಿಲ್ಲಲ್ಲ, ಒಬ್ಬರು ಕಾಲು ಚಾಚಿದ್ರೆ ಸಾಲೆಲ್ಲ ಅಸ್ತವ್ಯಸ್ತ. ಕೇರಂ ಬೋರ್ಡ್ ಬೆಸ್ಟು, ಸುತ್ತ ಚೌಕಟ್ಟು ಇರುತ್ತೆ. ಪೌಡರ್ ಮಾತ್ರ ಒದ್ದೆ ಬಟ್ಟೇಲಿ ಒರೆಸಿ ಒಣಗಿಸಿ, ಇಲ್ಲಾಂದ್ರೆ ಮುಟ್ಟಿದ್ದೆಲ್ಲ ಜಾರುತ್ತೆ. ಬಿಲ್ಲೆ 5 ಸೆಂಟಿಮೀಟರ್ ಉದ್ದ ಇದ್ರೆ 20 ಬಿಲ್ಲೆಗೇ ಒಂದು ಮೀಟರ್, ಬೋರ್ಡಲ್ಲಿ ನೇರ ಹಿಡಿಸಲ್ಲ. ಅಂಚು ಬಂದ ತಕ್ಷಣ ಸಾಲನ್ನ ಬಾಗಿಸಿ. ಬಾಗಿಸಿದ್ರೂ ತುದಿ ತುದಿಯೇ, ನಿಯಮ ಏನೂ ಬದಲಾಗಲ್ಲ.

ಹೊಸದುರ್ಗದಿಂದ

ನಾಲ್ಕೇ ಜನ ಇರೋದ್ರಿಂದ ಜೊತೆಯಾಟವನ್ನೂ ನೋಡಿ. ಎದುರುಬದುರು ಕೂತವರು ಒಂದು ಕಡೆ, ಅಜ್ಜಿ-ಮೊಮ್ಮಗ ಒಂದು ಜೋಡಿ ಮಾಡಿದ್ರೆ ಬಲಾಬಲ ಸರಿಹೋಗುತ್ತೆ. ತಲಾ 7 ಹಂಚಿದ್ರೆ 28ಕ್ಕೆ 28 ಮುಗೀತು, ಗುಡ್ಡೆ ಇಲ್ಲ, ಎತ್ತೋದೂ ಇಲ್ಲ. ಇಲ್ಲದವರು ಪಾಸ್. ಒಬ್ಬರು ಪಾಸ್ ಅಂದ ಕೂಡಲೇ ಆ ಎರಡು ತುದಿಯ ಸಂಖ್ಯೆಗಳು ಅವರ ಹತ್ರ ಒಂದೂ ಇಲ್ಲ ಅಂತ ಖಾತ್ರಿ ಆಯ್ತಲ್ಲ, ಅದನ್ನೇ ಮತ್ತೆ ಮತ್ತೆ ತುದಿಗೆ ತರೋದು ಎದುರಾಳಿಗಳ ಕೆಲಸ. ಮಾತು, ಕಣ್ಸನ್ನೆ ಎರಡೂ ನಿಷಿದ್ಧ. ಅಜ್ಜಿಯರು ಇದನ್ನ ಪಾಲಿಸೋದು ಕಷ್ಟ, ಮೊದಲೇ ಹೇಳಿಬಿಡಿ.

ಪಿ.ಜೆ. ಬಡಾವಣೆಯಿಂದ

ಗೆಲ್ಲೋ ದಾರಿ ಸ್ವಲ್ಪ ಸೇರಿಸ್ತೀನಿ. ಜೋಡಿ ಬಿಲ್ಲೆ ಬೇಗ ಕಳೀಬೇಕು. 6-2 ಆದ್ರೆ ಎರಡು ಸಂಖ್ಯೆಗೆ ಕೂಡುತ್ತೆ, 6-6 ಒಂದಕ್ಕೇ, ಮೇಲಾಗಿ ಸೋತರೆ 12 ಚುಕ್ಕಿ ಭಾರ. ಉಳಿದ ಆರೂ 6ರ ಬಿಲ್ಲೆಗಳು ಬಿದ್ದು, ಯಾವ ತುದೀಲೂ 6 ಇಲ್ಲ ಅಂದ್ರೆ ನಿಮ್ಮ 6-6 ಸತ್ತಂಗೇ.

ಭಾರದ್ದು ಮೊದಲು ಹಾಕಿ ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಸತ್ಯ. ಕೈಯಲ್ಲಿ 5ರ ಬಿಲ್ಲೆ ಮೂರು ಇದಾವೆ, ಸಾಲಿನಲ್ಲಿ ಮೂರು ಬಿದ್ದಿದಾವೆ ಅಂದ್ಕೊಳ್ರಿ, ಹೊರಗೆ ಉಳಿದಿದ್ದು ಒಂದೇ. ಎರಡೂ ತುದಿ 5 ಆಗೋ ಹಂಗೆ ಮಾಡಿದ್ರೆ ಉಳಿದ ಮೂವರಲ್ಲಿ ಕನಿಷ್ಠ ಇಬ್ಬರಿಗೆ ಹಾಕೋಕೆ ದಾರಿ ಇಲ್ಲ, ಗುಡ್ಡೆಗೆ ಕೈ ಹಾಕ್ಲೇಬೇಕು. ಅಂಥ ಹೊತ್ತಲ್ಲಿ ಕೈಯಲ್ಲಿ ಇನ್ನೊಂದು ಭಾರದ ಬಿಲ್ಲೆ ಇದ್ರೂ ಇರ್ಲಿ, 5 ಹಿಡ್ಕೊಳ್ಳಿ.

ಹಿರಿಯೂರಿನಿಂದ

ಜಗಳ ಬಂದಾಗ ಒಂದು ಪರೀಕ್ಷೆ ಇದೆ. 3ರ ಏಳೂ ಬಿಲ್ಲೆ ಸಾಲಿನಲ್ಲಿ ಬಿದ್ದಿದ್ದು ಒಂದು ತುದಿ 3 ಆಗಿದ್ರೆ, ಇನ್ನೊಂದು ತುದಿಯೂ 3 ಇರಲೇಬೇಕು. 3-3ರಲ್ಲಿ ಎರಡು, ಉಳಿದ ಆರರಲ್ಲಿ ಒಂದೊಂದು, ಒಟ್ಟು ಎಂಟು ಮೂರುಗಳು. ಒಳಗಿನವು ಎರಡೆರಡಾಗಿ ಕೂಡಿರ್ತಾವೆ, ಹಾಗಾಗಿ ಹೊರಗೆ ಒಂಟಿ 3 ಉಳಿಯೋಕೆ ಸಾಧ್ಯ ಇಲ್ಲ. ಉಳಿದಿದ್ರೆ ಯಾರೋ ನಡುವೆ ತಪ್ಪು ಕೂಡಿಸಿದಾರೆ, ಮೊದಲಿಂದ ನೋಡ್ತಾ ಬನ್ನಿ.

ಇದನ್ನೇ ಮಗಳಿಗೆ ಜಾದು ಮಾಡಿ ತೋರಿಸಬಹುದು. ಜೋಡಿ ಅಲ್ಲದ ಒಂದು ಬಿಲ್ಲೆ, 2-5 ಅನ್ನಿ, ಜೇಬಿಗೆ ಹಾಕ್ಕೊಳ್ಳಿ. ಉಳಿದ 27 ಅವಳು ಒಂದೇ ಸಾಲಾಗಿ ನಿಯಮದಂತೆ ಜೋಡಿಸಲಿ. ತುದಿಗಳು 2 ಮತ್ತು 5 ಆಗೇ ಬರ್ತಾವೆ. ಮಧ್ಯೆ ಸಿಕ್ಕಿಕೊಂಡ್ರೆ ಸಾಲು ಬಿಡಿಸಿ ಮತ್ತೆ ಹೊಂದಿಸಲಿ, 27 ಪೂರ್ತಿ ಕೂತಾಗ ಮಾತ್ರ ಇದು ನಿಜ.

ಕೇಳಿದವರು: ನಿಟುವಳ್ಳಿ

ಎಲ್ಲರಿಗೂ ಧನ್ಯವಾದ. ಎಣಿಸಿ ನೋಡಿದ್ರೆ 27 ಇದಾವೆ! ಯಾವುದು ಹೋಗಿದೆ ಅಂತ ತಿಳಿಯೋದು ಹೆಂಗೆ? ಜೋಡಿ ಹಾಕಿದವರಿಗೆ ಇನ್ನೊಂದು ಸರದಿ ಅಂತ ಮಗನ ವಾದ, ಹೌದಾ?

ಮಂಡಿಪೇಟೆಯಿಂದ

ಮೆಟ್ಟಿಲಿನಂತೆ ಜೋಡಿಸಿ ನೋಡಿ ಅಕ್ಕ. ಮೊದಲ ಸಾಲಲ್ಲಿ 0-0. ಎರಡನೇದರಲ್ಲಿ 1-0, 1-1. ಮೂರನೇದರಲ್ಲಿ 2-0, 2-1, 2-2. ಏಳನೇ ಸಾಲು 6-0ದಿಂದ 6-6. ಸಂದು ಎಲ್ಲಿ ಬೀಳುತ್ತೋ ಅದೇ ಕಳೆದಿದ್ದು. ಚುಕ್ಕಿ ಎಣಿಸಿದ್ರೂ ಆಯ್ತು, ಒಟ್ಟು 168 ಇರಬೇಕು, ಎಷ್ಟು ಕಡಿಮೆಯೋ ಆ ಬಿಲ್ಲೆಯ ಮೊತ್ತ ಅಷ್ಟು.

ಒಂದನ್ನೇ ರಟ್ಟಿನಲ್ಲಿ ಮಾಡಿ ಸೇರಿಸಬೇಡಿ, ಬೋರಲು ಹಾಕಿದ್ರೂ ಎಲ್ಲರಿಗೂ ಗುರುತು ಸಿಗುತ್ತೆ. 28ನ್ನೂ ರಟ್ಟಲ್ಲೇ ಮಾಡಿ, ಅರ್ಧ ದಿನದ ಕೆಲಸ. 35 ಸೆಂಟಿಮೀಟರ್ ಉದ್ದ, 10 ಅಗಲದ ಎರಡು ರಟ್ಟನ್ನ ಮೈದಾ ಅಂಟಲ್ಲಿ ಕೂಡಿಸಿ, ರಾತ್ರಿಯೆಲ್ಲ ಭಾರ ಹೇರಿ ಇಡಿ. ಭಾರ ಕಡಿಮೆಯಾದ್ರೆ ರಟ್ಟು ಡೊಂಕಾಗುತ್ತೆ. ಬೆಳಿಗ್ಗೆ ಉದ್ದಕ್ಕೆ 5, ಅಗಲಕ್ಕೆ ಎರಡೂವರೆ ಸೆಂಟಿಮೀಟರ್ ಗೆರೆ ಎಳೆದು ಕತ್ತರಿಸಿದ್ರೆ ಸರಿಯಾಗಿ 28 ಬರ್ತಾವೆ. ಚುಕ್ಕಿ ಇಡುವಾಗ 2-3 ಆದ ಮೇಲೆ 3-2 ಅಂತ ಇನ್ನೊಂದು ಬರೀಬೇಡಿ, ಎರಡೂ ಒಂದೇ. ಹಂಗೆ ಬರೀತಾ ಹೋದ್ರೆ 49 ಆಗಿ ಲೆಕ್ಕವೆಲ್ಲ ಕೆಡುತ್ತೆ. ಸ್ಕೆಚ್ ಪೆನ್ನಿನ ಬಣ್ಣ ಹಿಂದಕ್ಕೆ ಇಳೀದಂಗೆ ನೋಡ್ಕೊಳ್ಳಿ. ಮಂಡಕ್ಕಿ, ಮೆಣಸಿನಕಾಯಿ ತಟ್ಟೆ ಆಟ ಮುಗಿದ ಮೇಲೆ ತನ್ನಿ. ರಟ್ಟಿನ ಬೆನ್ನಿಗೆ ಒಂದು ಎಣ್ಣೆ ಬೊಟ್ಟು ಬಿದ್ರೆ 6-6 ಎಲ್ಲಿದೆ ಅಂತ ಊರಿಗೇ ಗೊತ್ತಾಗುತ್ತೆ.

ಇನ್ನೊಂದು ಸರದಿ ಇಲ್ಲ. ಅದು ಚೌಕಾಬಾರದ ಅಭ್ಯಾಸ, ಅಲ್ಲಿ 4, 8 ಬಿದ್ರೆ ಮತ್ತೆ ಕವಡೆ ಹಾಕಬಹುದು. ಇಲ್ಲಿ ಜೋಡಿಯೂ ಒಂದು ಬಿಲ್ಲೆ, ಒಂದು ಸರದಿ.