ಅಪ್‌ಡೇಟ್: ಮಾವನವರ ದೋಣಿಗೆ ಫೋರ್ ಸ್ಟ್ರೋಕ್ ಇಂಜಿನ್ ಕೂತಿತು

ಕಾರವಾರದ ನಮ್ಮ ಮಾವನವರ ಹಳೇ ಫೈಬರ್ ದೋಣಿಗೆ ಟೂ ಸ್ಟ್ರೋಕ್ ಬದಲು ಅದಕ್ಕಿಂತ ಭಾರದ 40 ಎಚ್‌ಪಿ ಫೋರ್ ಸ್ಟ್ರೋಕ್ ಹಾಕಿದರೆ ಹಿಂಭಾಗ ಭಾರಕ್ಕೆ ಕುಸಿಯುತ್ತಾ ಅಂತ ಕೇಳಿದ್ದೆ ಅಲ್ವಾ? ರಜೆ ಹಾಕಿ ಹುಬ್ಬಳ್ಳಿಯಿಂದ ಹೋಗಿ ಜೊತೆಗೇ ನಿಂತು ಮಾಡಿಸಿದೆ.

ನೀವು ಹೇಳಿದಂತೆ ಮೊದಲು ಇಂಜಿನ್ ಕೂರುವ ಹಿಂದಿನ ಹಲಗೆ ತಟ್ಟಿ ನೋಡಿದೆವು. ಬೋಲ್ಟ್ ತೂತಿನ ಸುತ್ತ ಟೊಳ್ಳು ಸದ್ದು. ಸಣ್ಣ ಡ್ರಿಲ್ ಹಾಕಿದರೆ ಕಪ್ಪಗೆ, ಒದ್ದೆ ಪುಡಿ ಬಂತು. ಒಳಗಿನ ಪ್ಲೈವುಡ್ ಕೊಳೆತಿತ್ತು. ಅದನ್ನು ಪೂರ್ತಿ ಕಿತ್ತು, ಹೊಸದು ಕೂರಿಸಿ, ಫೈಬರ್ ಹೊದಿಸಿದ ಮೇಲೆಯೇ ಇಂಜಿನ್ ಏರಿಸಿದ್ದು. ಈ ಕೆಲಸ ಯಾರೂ ಬಿಡಬೇಡಿ.

ಬ್ಯಾಟರಿ, ಟ್ಯಾಂಕ್ ಮುಂದಕ್ಕೆ ಸರಿಸಿದೆವು. ಹಿಂಭಾಗ ಸ್ವಲ್ಪ ತಗ್ಗಿದೆ, ನೀರು ಒಳಗೆ ಬರುತ್ತಿಲ್ಲ. ಆಯಿಲ್ ಬೆರೆಸುವ ಗೋಜಿಲ್ಲ, ಹೊಗೆಯೂ ಕಡಿಮೆ. ಮಾವನವರಿಗೆ ತುಂಬಾ ಖುಷಿ. ಬಲೆ, ಮೀನು ತುಂಬಿದಾಗ ಮಾತ್ರ ಫುಲ್ ಥ್ರಾಟಲ್‌ನಲ್ಲೂ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಏರುತ್ತಿಲ್ಲ. ಇಂಜಿನ್‌ಗೆ ಹೊರೆ ಇಳಿಯಲೆಂದು ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಕಡಿಮೆಯಿರುವ ಪ್ರೊಪೆಲ್ಲರ್ ಹಾಕಿ ನೋಡುತ್ತೇವೆ.